ಸೊರಗೀಯಲ್ಲೋ ತಮ್ಮಾ!

ವೀಕ್ಷಕರೇ, ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ವರ್ಷಕ್ಕೊಮ್ಮೆ ಹೋಗ್ತೀನಿ. ಕಳೆದ ಸಲ ಹೋದಾಗ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದೆ ನೋಡಿ, ಕಟ್ಟೆ ಮೇಲೆ ಕೂತಿದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಅಂದಳು: "ಸೊರಗೀಯಲ್ಲೋ ತಮ್ಮಾ!"

ನಾನು ಆಗ 91 ಕಿಲೋ ಇದ್ದೆ. ಅದಕ್ಕೆ ಒಂದು ವಾರ ಮುಂಚೆ ಬೆಂಗಳೂರಿನಲ್ಲಿ ಡಾಕ್ಟರು ನನ್ನ ರಕ್ತದ ವರದಿ ಹಿಡಿದುಕೊಂಡು, "ಸಾರ್, 12 ಕಿಲೋ ಇಳಿಸಲೇಬೇಕು" ಅಂದಿದ್ದರು. ಒಬ್ಬರು ಇಳಿಸು ಅಂತಾರೆ, ಇನ್ನೊಬ್ಬರು ಸೊರಗಿದೀ ಅಂತಾರೆ. ಇಬ್ಬರಿಗೂ ನನ್ನ ಮೇಲೆ ಕಾಳಜಿ ಇದೆ. ಯಾರು ಸರಿ? ಡಾಕ್ಟರೇ ಸರಿ, ಅದರಲ್ಲಿ ಅನುಮಾನ ಬೇಡ. ಆದರೆ ದೊಡ್ಡವ್ವ ಯಾಕೆ ಹಾಗೆ ಅಂದಳು? ಪ್ರೀತಿಗೆ ಅಂದಳು ಅಂತ ನಕ್ಕು ಬಿಟ್ಟುಬಿಡಬಹುದು. ಆದರೆ ಆ ಮಾತಿನ ಹಿಂದೆ ನೂರೈವತ್ತು ವರ್ಷದ ಇತಿಹಾಸ ಇದೆ. ತೂಕ ಇಳಿಸುವ ಬಗ್ಗೆ ದಿನಾ ಒಂದು ಕಾರ್ಯಕ್ರಮ ಮಾಡುವ ನಾವು, ಟಿವಿಯವರು, ಆ ಇತಿಹಾಸ ಮಾತ್ರ ಹೇಳೋದಿಲ್ಲ. ಇವತ್ತು ಅದನ್ನೇ ಹೇಳ್ತೀನಿ.

1876. ಧಾತು ಸಂವತ್ಸರ. ಮುಂಗಾರು ಕೈಕೊಟ್ಟಿತು. ಹಿಂಗಾರಿ ಜೋಳವಾದರೂ ಬಂದೀತು ಅಂತ ಜನ ಕಾದರು. ಅದೂ ಬರಲಿಲ್ಲ. ಬೆಳಗಾವಿ, ಧಾರವಾಡ, ಕಲಾದಗಿ ಅಂದರೆ ಇವತ್ತಿನ ವಿಜಯಪುರ-ಬಾಗಲಕೋಟೆ ಸೀಮೆ, ಎಲ್ಲ ಮುಂಬೈ ಪ್ರಾಂತ್ಯದ ಕೈಯಲ್ಲಿದ್ದ ಕಾಲ. ಬರ ಈ ಸೀಮೆಗೆ ಹೊಸದೇನಲ್ಲ. ಅದಕ್ಕೂ ಮುಂಚೆ 1791-92ರಲ್ಲಿ ಬಂದ ಬರಕ್ಕೆ ಡೋಗಿ ಬರ ಅಂತಲೇ ಹೆಸರು. ಸತ್ತವರನ್ನು ಮಣ್ಣು ಮಾಡೋರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ, ಹಾಗಾಗಿ ಆ ಹೆಸರು. ಆದರೆ 1876ರ ಬರದಲ್ಲಿ ಒಂದು ಹೊಸ ಸಂಗತಿ ಇತ್ತು. ಮನುಷ್ಯ ಬದುಕಿರೋಕೆ ಎಷ್ಟು ಅನ್ನ ಸಾಕು ಅಂತ ಸರ್ಕಾರ ಲೆಕ್ಕ ಹಾಕಿತು.

ಲೆಕ್ಕ ಹಾಕಿದವನ ಹೆಸರು ಸರ್ ರಿಚರ್ಡ್ ಟೆಂಪಲ್. ಈ ಮನುಷ್ಯನ ಕಥೆ ವಿಚಿತ್ರ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ. ಜನ ಉಳಿದರು. ಅದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ, ಬೊಕ್ಕಸ ಖಾಲಿ ಮಾಡಿದ ಅಂತ! ಆ ಅವಮಾನ ತೊಳ್ಕೊಳ್ಳೋಕೆ ಇರಬೇಕು, 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಅವನನ್ನು ದಕ್ಷಿಣಕ್ಕೆ ಕಳಿಸಿದಾಗ ಅವನು ಮುಷ್ಟಿ ಬಿಗಿ ಮಾಡಿದ. ಬರಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು ಹಣ, ಮೇಲೆ ಅರ್ಧ ಆಣೆ. ಅಷ್ಟೇ. ಒಂದು ಪೌಂಡ್ ಅಂದರೆ 454 ಗ್ರಾಂ. ಜೋಳ ಅಂತ ಹಿಡಿದರೆ ಸುಮಾರು 1,500 ಕ್ಯಾಲರಿ. ಇಷ್ಟನ್ನು ತಿಂದು ಬಿಸಿಲಲ್ಲಿ ಕಲ್ಲು ಒಡೀಬೇಕು, ಮಣ್ಣು ಹೊರಬೇಕು.

ಮದ್ರಾಸಿನಲ್ಲಿ ಕಾರ್ನಿಶ್ ಅನ್ನುವ ವೈದ್ಯ, ಆರೋಗ್ಯ ಇಲಾಖೆಯ ಕಮಿಷನರ್, ಇದು ಊಟವಲ್ಲ, ನಿಧಾನದ ಸಾವು ಅನ್ನೋ ಅರ್ಥದಲ್ಲಿ ಜಗಳಕ್ಕೇ ನಿಂತ. ಮುಂಬೈ ಪ್ರಾಂತ್ಯದಲ್ಲಿ ಕಾಮಗಾರಿಯ ಕೂಲಿಗಳು ಕೆಲಸ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಹಸಿದವರು ಮಾಡಿದ ಮುಷ್ಕರ ಅದು. 1872ರ ಜನಗಣತಿಯಲ್ಲಿ ಇದ್ದದ್ದಕ್ಕಿಂತ ಕಡಿಮೆ ಜನ 1881ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಉಳಿದಿದ್ದರು. ಒಂಬತ್ತು ವರ್ಷದಲ್ಲಿ ಒಂದು ಜಿಲ್ಲೆಯ ಜನಸಂಖ್ಯೆ ಬೆಳೆಯೋದಿರಲಿ, ಇಳಿದಿತ್ತು!

ಆ ಬರದಲ್ಲಿ ಉಳಿದವರ ಮಕ್ಕಳು, ಮೊಮ್ಮಕ್ಕಳು, ಮರಿಮೊಮ್ಮಕ್ಕಳೇ ನಾವು. ಈಗ ಹೇಳಿ, ಅಂಥ ಸೀಮೆಯಲ್ಲಿ ಮೈತುಂಬಿಕೊಂಡ ಮನುಷ್ಯ ಅಂದರೆ ಏನರ್ಥ? ಮನೆಯಲ್ಲಿ ಹಗೇವಿನಲ್ಲಿ ಜೋಳ ಇದೆ ಅಂತ ಅರ್ಥ. ದೇವರು ಒಲಿದಿದಾನೆ ಅಂತ ಅರ್ಥ. ಸೊರಗೋದು ಅಂದರೆ? ಹಸಿವು, ಇಲ್ಲಾ ಕ್ಷಯ. ಆ ರೋಗದ ಹೆಸರೇ ನೋಡಿ: ಕ್ಷಯ. ಕರಗೋದು, ಸವೆಯೋದು. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಶುರುವಾಯಿತು. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾಕ್ಟರ್ ನಾ.ಸು. ಹರ್ಡೀಕರ್ ಅದರ ಹಿಂದಿದ್ದ ದೊಡ್ಡ ಹೆಸರು. ಆ ಕಾಲದಲ್ಲಿ ಕ್ಷಯಕ್ಕೆ ಔಷಧಿ ಅಂತ ಇರಲೇ ಇಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಅಲ್ಲೀವರೆಗೆ ಜಗತ್ತಿನ ಯಾವ ದೇಶದ ಡಾಕ್ಟರಾದರೂ ಹೇಳ್ತಿದ್ದದ್ದು ಮೂರೇ: ಒಳ್ಳೆ ಗಾಳಿ, ವಿಶ್ರಾಂತಿ, ಹೊಟ್ಟೆ ತುಂಬ ಪುಷ್ಟಿಯ ಊಟ. ತೂಕ ಏರಿತು ಅಂದರೆ ರೋಗಿ ಬದುಕಿದ ಅಂತ ಮನೆಯವರು ನಿಟ್ಟುಸಿರು ಬಿಡ್ತಿದ್ದರು. ನಮ್ಮ ದೊಡ್ಡವ್ವನ ಕಿವಿಗೆ ಚಿಕ್ಕಂದಿನಿಂದ ಬಿದ್ದದ್ದು ಆ ಮಾತು. ತೂಕ ಇಳೀತು ಅಂತ ಖುಷಿಪಡೋ ಜನರನ್ನು ಆಕೆ ನೋಡಿಯೇ ಇರಲಿಲ್ಲ.

ಇನ್ನು ಗೋಕಾಕ ಅಂದ ಮೇಲೆ ಕರದಂಟು ಬಿಟ್ಟು ಮಾತಾಡೋಕೆ ಆಗುತ್ತಾ? ಕರಿದ ಅಂಟು, ಅದೇ ಕರದಂಟು. ಮರದ ಅಂಟನ್ನು ತುಪ್ಪದಲ್ಲಿ ಕರೀತಾರೆ, ಅದು ಅರಳಿನ ಹಾಗೆ ಉಬ್ಬುತ್ತೆ. ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ, ಗಸಗಸೆ. ಅಮೀನಗಡದವರು ನಮ್ಮದೇ ಮೊದಲು ಅಂತಾರೆ, ಗೋಕಾಕದವರು ಬಿಡೋದಿಲ್ಲ. ಆ ಜಗಳದಲ್ಲಿ ನಾನು ತಲೆ ಹಾಕಲ್ಲ, ನನಗೆ ಎರಡೂ ಊರಲ್ಲಿ ನೆಂಟರಿದ್ದಾರೆ. ನಾನು ಕೇಳೋದು ಬೇರೆ ಪ್ರಶ್ನೆ. ಈ ತಿಂಡಿ ಹುಟ್ಟಿದ್ದು ಯಾರಿಗಾಗಿ?

ಇಬ್ಬರಿಗಾಗಿ. ಒಬ್ಬಳು ಬಾಣಂತಿ, ಇನ್ನೊಬ್ಬ ಗರಡಿಯ ಪೈಲ್ವಾನ. ಬಾಣಂತಿ ತನ್ನ ಮೈಯಿಂದ ಕೂಸಿನ ಮೈ ಬೆಳೆಸ್ತಾಳೆ. ಪೈಲ್ವಾನ ಬೆಳಗಿನ ಜಾವ ಎದ್ದು ನೂರಾರು ಬೈಠಕ್ ಹೊಡೀತಾನೆ, ಕೆಮ್ಮಣ್ಣಲ್ಲಿ ಹೊರಳ್ತಾನೆ. ಬೆಂಕಿಯ ಹಾಗೆ ಉರಿಯೋ ಮೈಗಳು ಅವು, ಕಟ್ಟಿಗೆ ಹಾಕಿದಷ್ಟೂ ಬೇಕು. ತುಪ್ಪ, ಕೊಬ್ಬರಿ, ಬೆಲ್ಲ, ಗೋಡಂಬಿ ಎಲ್ಲ ಕೂಡಿಸಿ ನೋಡಿದರೆ 100 ಗ್ರಾಂ ಕರದಂಟಿನಲ್ಲಿ ಹೆಚ್ಚುಕಡಿಮೆ 450ರಿಂದ 500 ಕ್ಯಾಲರಿ ಆಗುತ್ತೆ. ಟೆಂಪಲ್ ಸಾಹೇಬ ಕಲ್ಲು ಒಡೆಯೋನಿಗೆ ಇಡೀ ದಿನಕ್ಕೆ ಅಂತ ಅಳೆದು ಕೊಟ್ಟಿದ್ದರ ಮೂರನೇ ಒಂದು ಭಾಗ! ಇವತ್ತು ಅದನ್ನು ಯಾರು ತಿಂತಾರೆ? ನಾನು ತಿಂತೀನಿ. ಸ್ಟುಡಿಯೋದಲ್ಲಿ ಒಂಬತ್ತು ತಾಸು ಕೂತು ಮಾತಾಡೋನು. ಬಾಯಿ ಬಿಟ್ಟರೆ ಬೇರೆ ಯಾವ ಅಂಗವೂ ದುಡಿಯೋದಿಲ್ಲ. ಕರದಂಟು ಕೆಟ್ಟದ್ದಲ್ಲ ವೀಕ್ಷಕರೇ. ಅದು ಪೈಲ್ವಾನನ ವಿಳಾಸಕ್ಕೆ ಬರೆದ ಕಾಗದ, ನನ್ನ ಮನೆಗೆ ಬಂದು ಬಿದ್ದಿದೆ.

ಹಾಗಾದರೆ ಹಸಿವಿನ ಸೀಮೆ ಹೊಟ್ಟೆಯ ಸೀಮೆ ಆಗಿದ್ದು ಯಾವಾಗ? ನೀರು ಬಂದ ಮೇಲೆ.

ನೀರು ಮೊದಲು ಗಿರಣಿಗೆ ಬಂತು. ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕ್ತಾಳೆ. ಆ ರಭಸವನ್ನೇ ನಂಬಿ 1887ರಲ್ಲಿ ಅಲ್ಲಿ ನೂಲಿನ ಗಿರಣಿ ಶುರುವಾಯಿತು. ಆಮೇಲೆ ಹೊಲಕ್ಕೆ ಬಂತು. ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಧೂಪದಾಳದಲ್ಲಿ ಒಡ್ಡು, ಅಲ್ಲಿಂದ ಕಾಲುವೆ. ಬರ ಕಲಿಸಿದ ಪಾಠ ಅದು. ಸ್ವಾತಂತ್ರ್ಯ ಬಂದ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಹತ್ತಿರ ದೊಡ್ಡ ಅಣೆಕಟ್ಟು ಎದ್ದಿತು. 1977ರ ಹೊತ್ತಿಗೆ ಕಟ್ಟಿ ಮುಗೀತು, 51 ಟಿಎಂಸಿ ನೀರು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಅದಕ್ಕೆ. ಬೆಳಗಾವಿಯಲ್ಲಿ ಆರ್‌ಎಲ್‌ಎಸ್ ಕಾಲೇಜು ಅಂತೀವಲ್ಲ, ಅದೇ ಲಖಮಗೌಡರು.

ನೀರು ಬಂದರೆ ರೈತ ಏನು ಬೆಳೀತಾನೆ? ಕಬ್ಬು. ತಪ್ಪೇನಿಲ್ಲ. ಜೋಳ ಬೆಳೆದು ನಾಲ್ಕು ತಲೆಮಾರು ಸಾಲದಲ್ಲಿ ಸತ್ತವನು ಕಬ್ಬು ಬೆಳೆದು ಮಗಳ ಮದುವೆ ಮಾಡಿದ, ಮಗನನ್ನು ಇಂಜಿನಿಯರಿಂಗ್ ಓದಿಸಿದ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಆಮೇಲೆ ಘಟಪ್ರಭಾ, ಗೋಕಾಕ, ಮೂಡಲಗಿ ಸುತ್ತ ಒಂದಾದ ಮೇಲೊಂದು ಕಾರ್ಖಾನೆ. ಇವತ್ತು ಹಂಗಾಮಿನಲ್ಲಿ ಆ ರಸ್ತೆಗಳಲ್ಲಿ ಕಾರು ಓಡಿಸಿ ನೋಡಿ. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಸಾಲು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಹಗಲೂ ರಾತ್ರಿ ಕೂತಿದ್ದು ನಿಮಗೆ ನೆನಪಿರಬೇಕು. ಸರ್ಕಾರ ಕೊನೆಗೆ 3,300ಕ್ಕೆ ತಂದು ನಿಲ್ಲಿಸಿತು. ಆ ಸುದ್ದಿಯನ್ನು ದಿನಾ ಓದಿದವನು ನಾನು. ರೈತರು ಕೇಳಿದ್ದು ನ್ಯಾಯವಾಗಿತ್ತು ಅಂತ ಅವತ್ತೂ ಅಂದೆ, ಇವತ್ತೂ ಅಂತೀನಿ.

ಆದರೆ ಆ ಒಂದು ಟನ್ ಕಬ್ಬಿನಿಂದ ಹೆಚ್ಚುಕಡಿಮೆ 100 ಕಿಲೋ ಸಕ್ಕರೆ ಬರುತ್ತೆ. ಎಲ್ಲಾದರೂ ಹೋಗಲೇಬೇಕಲ್ಲ ಅದು. ಎಲ್ಲಿಗೆ ಹೋಯ್ತು ಅಂತ ನೋಡೋಕೆ ನಮ್ಮ ಚಹಾದ ಬಟ್ಟಲಿಗಿಂತ ದೂರ ಹೋಗಬೇಕಿಲ್ಲ. ಬೆಳಗಾವಿ ಸೀಮೆಯಲ್ಲಿ ಮನೆಗೆ ಬಂದವರಿಗೆ ಚಹಾ ಬೇಡ ಅನ್ನೋ ಹಕ್ಕಿಲ್ಲ. ಎರಡು ಚಮಚ ಸಕ್ಕರೆ, ಅಂದರೆ 8ರಿಂದ 10 ಗ್ರಾಂ. ಐದು ಮನೆಗೆ ಹೋದರೆ 40-50 ಗ್ರಾಂ. ಇಡೀ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದ ಲೆಕ್ಕ. ಕುಂದಾ, ಹೋಳಿಗೆ ಎಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇದೆಲ್ಲದರ ನಡುವೆ ಒಬ್ಬ ಮನುಷ್ಯನ ಮೈಯಲ್ಲಿ ಮಾತ್ರ ಕೊಬ್ಬು ಇಲ್ಲ. ಯಾರು ಗೊತ್ತಾ? ಕಬ್ಬು ಕಡಿಯೋ ಗ್ಯಾಂಗಿನವನು. ಬೀಡ್ ಕಡೆಯಿಂದ, ನಮ್ಮದೇ ಬರದ ಜಿಲ್ಲೆಗಳಿಂದ ಹೆಂಡತಿ ಮಕ್ಕಳ ಸಮೇತ ಬಂದು ಗುಡಿಸಲು ಹಾಕ್ಕೊಂಡಿರ್ತಾನೆ. ಜಗತ್ತಿಗೆಲ್ಲ ಸಿಹಿ ಕಡಿದು ಕೊಟ್ಟು ತಾನು ರೊಟ್ಟಿ-ಖಾರ ತಿಂತಾನೆ. 1877ರ ಕೂಲಿಯ ನೆರಳು ಎಲ್ಲಾದರೂ ಉಳಿದಿದ್ದರೆ ಅಲ್ಲಿ ಉಳಿದಿದೆ.

ಈಗ ತಟ್ಟೆಗೆ ಬರೋಣ. ನಮ್ಮ ಹಿರಿಯರು ಏನು ತಿಂತಿದ್ದರು? ಜೋಳದ ರೊಟ್ಟಿ, ಚಳಿಗಾಲಕ್ಕೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೆಂತ್ಯೆ ಸೊಪ್ಪು, ಝುಣಕ, ಬದನಿಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಅನ್ನ? ಹಬ್ಬಕ್ಕೆ, ಮದುವೆಗೆ, ಜ್ವರ ಬಂದವನಿಗೆ. ಈಗ ತಿರುಗುಮುರುಗು ಆಗಿದೆ. ದಿನಾ ಅನ್ನ, ಬೇಕೆನಿಸಿದಾಗ ರೊಟ್ಟಿ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಹೀಗಾಯ್ತು ಅಂತ ಕೆಲವರು ಹೇಳ್ತಾರೆ. ನಾನು ಒಪ್ಪೋದಿಲ್ಲ. ಹೊಲದಲ್ಲಿ ಜೋಳ ಹೋಗಿ ಕಬ್ಬು ಬಂದಾಗಲೇ ಅರ್ಧ ಕಥೆ ಮುಗಿದಿತ್ತು. ಬಡವನ ಮನೆಗೆ ಅಕ್ಕಿ ಬಂದಿದ್ದನ್ನು ಹೊಟ್ಟೆ ಬಂದವರು ಬೈಯೋದು ಚೆನ್ನಾಗಿರಲ್ಲ.

ಜೋಳವೇ ದೇವರು ಅಂತಲೂ ನಾನು ಹೇಳೋನಲ್ಲ. 2023ನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿದಾಗ ನಮ್ಮ ಚಾನೆಲ್ಲಿನಲ್ಲೂ ಜೋಳದ ಮೇಲೆ ಹೂವಿನ ಮಳೆ ಸುರಿಸಿದ್ದೆವು. ಆದರೆ ಜೋಳ ಒಂದನ್ನೇ ನಂಬಿದ ದಖ್ಖನ್ನಿನ ಬಡವರಿಗೆ ಪೆಲಾಗ್ರ ಅನ್ನುವ ಚರ್ಮರೋಗ ಬರ್ತಿತ್ತು. ಅದರ ಮೇಲೆ ಹೈದರಾಬಾದಿನ ಪೋಷಣಾ ಸಂಸ್ಥೆಯ ಡಾಕ್ಟರ್ ಗೋಪಾಲನ್ 1960ರಲ್ಲೇ ಬರೆದರು. ಇನ್ನು ಕ್ಯಾಲರಿ ನೋಡಿದರೆ 100 ಗ್ರಾಂ ಜೋಳಕ್ಕೆ 334, ಅಕ್ಕಿಗೆ 356. ದೊಡ್ಡ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರೋದು ನಾರಿನಲ್ಲಿ. ಜೋಳದಲ್ಲಿ 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರೊಟ್ಟಿಯನ್ನು ಅಗಿಯಬೇಕು, ನೆಂಚಿಕೊಳ್ಳೋಕೆ ಪಲ್ಯ ಬೇಕು, ಕಾಳು ಬೇಕು. ಎರಡು ರೊಟ್ಟಿಗೆ ಹೊಟ್ಟೆ ಸಾಕು ಅನ್ನುತ್ತೆ. ಅನ್ನ ಸಾರು ಹಾಗಲ್ಲ. ಮಾತಾಡ್ತಾ ಮಾತಾಡ್ತಾ ಮೂರನೇ ಸಲ ಬಡಿಸಿಕೊಂಡಿರ್ತೀವಿ.

ಇನ್ನೊಂದು ಸಂಗತಿ ಯಾವ ಡಯಟ್ ಚಾರ್ಟಿನಲ್ಲೂ ಬರೋದಿಲ್ಲ. ಆ ರೊಟ್ಟಿಯ ಹಿಟ್ಟು ಬಂದದ್ದು ಎಲ್ಲಿಂದ? ಬೀಸುಕಲ್ಲಿನಿಂದ. ನಸುಕಿನಲ್ಲಿ ಎದ್ದು ಹೆಂಗಸರು ಬೀಸುವ ಪದ ಹಾಡ್ತಾ ಬೀಸ್ತಿದ್ದರು. ನೀರು ಸೇದ್ತಿದ್ದರು, ಹೊಲಕ್ಕೆ ಬುತ್ತಿ ಹೊತ್ತು ಹೋಗ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆ ಹೆಂಗಸರ ತೋಳಿಗೆ ಬಿಡುಗಡೆ ಸಿಕ್ಕಿತು. ಅದು ಒಳ್ಳೇದೇ ಆಯ್ತು. ಬೀಸುಕಲ್ಲಿಗೆ ವಾಪಸ್ ಹೋಗಿ ಅನ್ನೋ ಗಂಡಸರು ಮೊದಲು ತಾವು ಒಂದು ಸೇರು ಬೀಸಿ ತೋರಿಸಲಿ. ಆದರೆ ಕೈ ನಿಂತ ಮೇಲೂ ತಟ್ಟೆ ಅಷ್ಟೇ ಉಳೀತು. ಗಂಡಸರದ್ದೂ ಇದೇ ಕಥೆ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ನಡಿಗೆ ಹೋಗಿ ಬೈಕ್ ಬಂತು.

ಫಲ ಏನು? ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು. ಕರ್ನಾಟಕದಲ್ಲಿ 100ಕ್ಕೆ 30 ಹೆಂಗಸರು, 31 ಗಂಡಸರು ಹೆಚ್ಚು ತೂಕದವರು. ದೇಶದ ಸರಾಸರಿ 24 ಮತ್ತು 23. ನಾವು ಮುಂದಿದೀವಿ! ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 100ಕ್ಕೆ 17 ಹೆಂಗಸರು ಇರಬೇಕಾದ್ದಕ್ಕಿಂತ ಸಣ್ಣ. ಒಂದೇ ಓಣಿಯಲ್ಲಿ ಹಸಿವೂ ಇದೆ, ಬೊಜ್ಜೂ ಇದೆ.

ಈಗ ನಮ್ಮ ದೊಡ್ಡವ್ವನ ಕಡೆ ತಿರುಗಿ ಬರ್ತೀನಿ. ಈ ಕಥೆ ಹೇಳೋಕೆ ಕೂತದ್ದೇ ಅದಕ್ಕೆ. ಆಕೆ ತೆಳ್ಳಗಿದ್ದಾಳೆ. ಕೈಕಾಲು ಕಡ್ಡಿ. ಎರಡು ವರ್ಷದ ಹಿಂದೆ ಕಾಲಿಗೆ ಮುಳ್ಳು ಚುಚ್ಚಿತು, ಗಾಯ ತಿಂಗಳಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಎಷ್ಟೋ ವರ್ಷದಿಂದ ಇತ್ತು, ಯಾರಿಗೂ ಅನುಮಾನ ಬಂದಿರಲಿಲ್ಲ. "ಸೊರಗಿದವರಿಗೆ ಸಕ್ರಿ ಬ್ಯಾನಿ ಬರ್ತೈತೇನೋ?" ಅಂತ ಆಕೆಯೇ ನನ್ನ ಕೇಳಿದಳು. ಒಂದು ಬೆರಳು ಹೋಯ್ತು.

ಬರ್ತದೆ ದೊಡ್ಡವ್ವ. ನಮಗೇ ಹೆಚ್ಚು ಬರ್ತದೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾಕ್ಟರ್ ರಂಜನ್ ಯಾಜ್ಞಿಕ್ ಅಂತ ಇದ್ದಾರೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿದರು, ಪಕ್ಕದಲ್ಲಿ ಇಂಗ್ಲೆಂಡಿನ ಅವರ ಗೆಳೆಯ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿಎಂಐ ಅಂತೀವಲ್ಲ, ಇಬ್ಬರದ್ದೂ 22.3. ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9 ಪರ್ಸೆಂಟ್, ಯಾಜ್ಞಿಕರ ಮೈಯಲ್ಲಿ 21 ಪರ್ಸೆಂಟ್! ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನೂ ಅವರ ತಂಡ ಅಳೆದು ನೋಡಿತು. ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಕೂಸು 3.5 ಕಿಲೋ. ನಮ್ಮ ಕೂಸಿನಲ್ಲಿ ಮಾಂಸಖಂಡ ಕಡಿಮೆ, ಆದರೆ ಕೊಬ್ಬನ್ನು ಮಾತ್ರ ಅದು ಬಿಟ್ಟುಕೊಟ್ಟಿಲ್ಲ. ತಾಯಿ ಹಸಿದರೆ ಹೊಟ್ಟೆಯೊಳಗಿನ ಕೂಸು ಹೊರಗೆ ಬರ ಇದೆ ಅಂತ ತಿಳ್ಕೊಂಡು ತಯಾರಾಗಿ ಹುಟ್ಟುತ್ತೆ ಅಂತ ಈ ವಿಜ್ಞಾನಿಗಳು ವಾದ ಮಾಡ್ತಾರೆ. ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲ, ಹಾಲೆಂಡಿನಲ್ಲಿ ಬರ ಬಿತ್ತು. ಆಗ ಗರ್ಭದಲ್ಲಿದ್ದ ಮಕ್ಕಳು ದೊಡ್ಡವರಾದ ಮೇಲೆ ಸಕ್ಕರೆ ಸಂಬಂಧದ ತೊಂದರೆ ಅವರಲ್ಲಿ ಹೆಚ್ಚು ಕಂಡಿತು. ಅಲ್ಲಿ ಒಂದೇ ಚಳಿಗಾಲ. ನಮ್ಮಲ್ಲಿ ಎಷ್ಟು ಬರ ಬಿದ್ದಿವೆ, ನೀವೇ ಲೆಕ್ಕ ಹಾಕಿ.

ಅದಕ್ಕೇ ನಮ್ಮವರಿಗೆ ಅಳತೆ ಬೇರೆ. ಬಿಳಿಯರಿಗೆ 25 ದಾಟಿದರೆ ಹೆಚ್ಚು ತೂಕ, ನಮಗೆ 23ಕ್ಕೇ ಎಚ್ಚರಿಕೆ. ತೂಕಕ್ಕಿಂತ ಮುಖ್ಯ ಸೊಂಟದ ಸುತ್ತಳತೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ದೇಶದ ತುಂಬ ಅಳೆದು ನೋಡಿದ ಐಸಿಎಂಆರ್ ಅಧ್ಯಯನ 2023ರಲ್ಲಿ ಪ್ರಕಟವಾಯ್ತು. ಹೊಟ್ಟೆ ಬೊಜ್ಜು ಇರೋರು 100ಕ್ಕೆ 39ಕ್ಕೂ ಹೆಚ್ಚು. ಸಕ್ಕರೆ ಕಾಯಿಲೆ ಇರೋರು 10 ಕೋಟಿ ದಾಟಿದ್ದಾರೆ.

ಈ ವಿಷಯ ಮಾತಾಡಿದಾಗೆಲ್ಲ ಒಂದು ಪ್ರಶ್ನೆ ಬರುತ್ತೆ. "ಸಾರ್, ಹಾಗಾದರೆ ಏನು ತಿನ್ನಬೇಕು?" ನಾನು ಡಾಕ್ಟರಲ್ಲ. ಆದರೆ ಆವತ್ತು ದೊಡ್ಡವ್ವನ ಮನೆಯಲ್ಲಿ ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಹೇಳ್ತೀನಿ. ಅನ್ನ ಒಂದೇ ಹೊತ್ತು, ಅದೂ ಕೊನೆಗೆ ಒಂದು ಮುಷ್ಟಿ. ರೊಟ್ಟಿ ಎರಡು, ಪಲ್ಯ ರೊಟ್ಟಿಗಿಂತ ಜಾಸ್ತಿ. ಕಾಳಿನ ಪಲ್ಯ ದಿನಾ ಇರಲೇಬೇಕು. ಚಹಾ ಎರಡು ಸಲ, ಅರ್ಧ ಚಮಚ ಸಕ್ಕರೆ. ಆಕೆಗೆ ಅದೂ ಇಲ್ಲ. ಗೋಕಾಕದಿಂದ ನಾನು ತಂದಿದ್ದ ಅರ್ಧ ಕಿಲೋ ಕರದಂಟಿನ ಡಬ್ಬಿಯನ್ನು ಪಕ್ಕದ ಮನೆಯ ಬಾಣಂತಿಗೆ ಕಳಿಸಿದೆವು. ಒಂದು ತುಂಡು ಮಾತ್ರ ನಾನು ಕದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಓಣಿಯ ಟೇಲರ್ ಹತ್ತಿರ ಟೇಪು ಇಸಕೊಂಡು ಬಂದೆ. ದೊಡ್ಡವ್ವನ ಸೊಂಟ ಅಳೆದೆ. ಕಡ್ಡಿಯಂಥ ಆ ಹೆಂಗಸಿನ ಸುತ್ತಳತೆ 86. ಆಕೆಗೆ ನಂಬಿಕೆ ಬರಲಿಲ್ಲ. "ನಿಂದು ಎಷ್ಟೈತಿ ನೋಡೋಣ ಬಾ" ಅಂತ ಟೇಪು ಕಸಕೊಂಡು ನನ್ನ ಹೊಟ್ಟೆಗೆ ಸುತ್ತಿದಳು. ಕಣ್ಣು ಕಿರಿದು ಮಾಡಿ ಅಂಕಿ ಓದಿದಳು.

"ನೂರಾ ಒಂದು! ಹಂಗಾರ ನೀ ಸೊರಗಿಲ್ಲ ಬಿಡು."